ಮೊಂಡಾದ ಮೊನೆ

ತೆಲಸಂಗ, ಬುಧವಾರ

ತಂಗಿ ಕಮಲಾಬಾಯಿಗೆ ಅಕ್ಕನ ಜಯ ಜಿನೇಂದ್ರ. ಮೊಮ್ಮಗಳು ಚಂದ್ರಮತಿಯ ಕಾಲೇಜಿನವರು ಇಲ್ಲಿ ಹಿಂದಿನ ಕಾಲದ ಕಲ್ಲಿನ ಬಾಣದ ಮೊನೆ ಮಾಡಲು ಕಲಿಸುತ್ತಿದ್ದಾರೆ. ನಾನು ಅವಳ ಕಾವಲಿಗೆ ಬಂದವಳು. ಕೂತು ಬೇಸತ್ತು ನಾನೂ ಕಲ್ಲು ಹಿಡಿದೆ. ಬೀಸುಕಲ್ಲಿಗೆ ಉಳಿಯಿಂದ ಕಚ್ಚು ಹಾಕಿ ಪಳಗಿದ ಕೈ ನನ್ನದು. ಮೂರನೇ ದಿನಕ್ಕೆ ಎಲ್ಲರಿಗಿಂತ ಚೂಪಾದ ಮೊನೆ ಮಾಡಿದೆ. ಮಾಸ್ತರರು, "ಭಾರಿ ಆಗೇತ್ರಿ ಆಯಿ! ಇದರಿಂದ ಜಿಂಕಿ ಹೊಡೀಬಹುದು" ಎಂದರು.

"ಅಯ್ಯ, ಆ ಪಾಪ ಯಾರು ತೊಳೀಬೇಕ್ರಿ?" ಎಂದು ಅಲ್ಲೇ ಕಟ್ಟೆಗೆ ತಿಕ್ಕಿ ಮೊಂಡ ಮಾಡಿದೆ.

ಚಂದ್ರಮತಿ ಗಾಬರಿಯಾಗಿ, "ಆಯಿ, ನಂದು ಮುಟ್ಟಬ್ಯಾಡ, ನಾಳೆ ಪರೀಕ್ಷೆ ಐತಿ" ಎಂದು ತನ್ನದನ್ನು ಬಚ್ಚಿಟ್ಟಳು. ಹಾಸಿಗೆಯ ಸುರುಳಿಯಲ್ಲಿದೆ, ನನಗೆ ಗೊತ್ತು. ಕಲ್ಲು ತಾಗಿ ನನ್ನ ಹೆಬ್ಬೆರಳು ಬಾತಿದೆ, ಅರಿಶಿನ ಹಚ್ಚಿದ್ದೇನೆ. ಕಾರ್ಡು ತುಂಬಿತು. ಅವಳ ಮೊನೆಗೆ ಮಾರ್ಕು ಹಾಕುವವರೆಗೆ ಸುಮ್ಮನಿರುತ್ತೇನೆ. ಕಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ.

ನಿನ್ನ ಅಕ್ಕ ಕಾಶಿಬಾಯಿ