‘ಒಂದು ಅಧ್ಯಯನದ ಪ್ರಕಾರ’

ಮಾರ್ಚ್ ೧೨, ಬುಧವಾರ

ರಾತ್ರಿ ಪಾಳಿಯ ನರ್ಸ್‌ಗಳ ನಿದ್ದೆಯ ಬಗ್ಗೆ ಇವರು ಜಾಲತಾಣದಲ್ಲಿ ಬರೆದ ಲೇಖನವನ್ನು ಬೆಳಗಿನಿಂದ ಸಾವಿರಾರು ಜನ ಓದಿದ್ದಾರೆ. ಅದರಲ್ಲಿ ಬೇರೆ ಇಬ್ಬರು ಸಂಶೋಧಕರ ಹೆಸರಿದೆ, ಅವರ ಪ್ರಬಂಧಗಳಿಗೆ ಲಿಂಕ್ ಕೂಡ ಇದೆ. ನಾನು ವರ್ಷಗಟ್ಟಲೆ ವಾರ್ಡುಗಳಲ್ಲಿ ಅಲೆದು, ಆ ಹೆಂಗಸರ ಜೊತೆ ನಿದ್ದೆಗೆಟ್ಟು ಕಂಡುಕೊಂಡದ್ದು ಮಾತ್ರ ‘ಒಂದು ಅಧ್ಯಯನದ ಪ್ರಕಾರ’ ಆಗಿಬಿಟ್ಟಿದೆ.

ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. “ನನ್ನ ಹೆಸರು ಯಾಕೆ ಹಾಕ್ಲಿಲ್ಲ?” ಎಂದು ಕೇಳಿಯೇಬಿಟ್ಟೆ.

“ಹೆಂಡತೀನ ಹೊಗಳ್ಕೊಂಡ ಅಂತ ಜನ ಆಡ್ಕೊಳ್ಳಲ್ವಾ?”

“ಹೊಗಳಿ ಅಂತ ಹೇಳಿದ್ನಾ? ಯಾರ ಕೆಲಸ ಅಂತ ಹೇಳಿ. ಹೆಂಡತಿ ಅನ್ನೋದನ್ನೂ ಬೇಕಾದ್ರೆ ಹೇಳಿ.”

ಅತ್ತೆ ಬಡಿಸುವುದನ್ನು ನಿಲ್ಲಿಸಿ, “ಅವಳ ಹೆಸರು ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೋ?” ಎಂದರು. ಇವರು ಮುಖ ಊದಿಸಿಕೊಂಡು ಎದ್ದರು.

ಆಮೇಲೆ, “ಸರಿ ಮಾಡಿದೀನಿ, ನೋಡ್ಕೋ” ಎಂದು ಹೇಳಿ ಮಲಗಲು ಹೋದರು. ತೆರೆದು ನೋಡಿದೆ. ‘ನನ್ನ ಪತ್ನಿ ನಡೆಸಿದ ಅಧ್ಯಯನದ ಪ್ರಕಾರ’ ಎಂದಿದೆ. ಹೆಸರಿಲ್ಲ, ಲಿಂಕೂ ಇಲ್ಲ.

ನಗು ಬರಬೇಕಿತ್ತು, ಮೈಯೆಲ್ಲ ಉರಿಯಿತು. ಲೇಖನದ ಕೆಳಗೆ, ಪ್ರತಿಕ್ರಿಯೆಯ ಜಾಗದಲ್ಲಿ, ನನ್ನ ಪೂರ್ತಿ ಹೆಸರು ಬರೆದು, ಪ್ರಬಂಧದ ಲಿಂಕ್ ಕೊಟ್ಟು, ‘ಈ ಅಧ್ಯಯನ ನನ್ನದು’ ಎಂದು ಸೇರಿಸಿದೆ. ಇನ್ನೊಮ್ಮೆ ಓದಿ ನೋಡಿ, ‘ಪ್ರಕಟಿಸು’ ಒತ್ತಿದೆ.

ಈಗಷ್ಟೇ ರೂಮಿನಲ್ಲಿ ಇವರ ಫೋನ್ ಟಿಣ್ ಎಂದಿತು. “ಏನೇ ಇದು? ಎಲ್ಲರೆದುರಿಗೆ ಹೀಗಾ?” ಎಂದು ಕೂಗುತ್ತಿದ್ದಾರೆ. ಅಳಿಸು ಎಂದರೆ ಅಳಿಸುವುದಿಲ್ಲ. ಮಂಚ ಕಿರುಗುಟ್ಟಿತು, ಎದ್ದು ಬರುತ್ತಿದ್ದಾರೆ, ಬರಲಿ, ನಾನಂತೂ