ಸೇತುವೆಗೆ ತುಂಬಿದ ಮದ್ದು

ಜೂನ್ 12, ಗುರುವಾರ. ಸಂಜೆ

ಬೇಳೆ ಬೆಂದಿದೆ. ಒಗ್ಗರಣೆ ಬಾಕಿ. ಆಶ್ರಿತಾ ಹೋಮ್‌ವರ್ಕ್ ಎಂದು ಐಪ್ಯಾಡ್ ಹಿಡಿದು ಕೂತಿದ್ದಾಳೆ — ಹೋಮ್‌ವರ್ಕ್ ಅಲ್ಲ, ಗೊತ್ತು. ಒಂಬತ್ತು ವರ್ಷಕ್ಕೇ ಅಪ್ಪನಿಗೆ ಟೋಪಿ ಹಾಕುತ್ತಾಳೆ. ಇರಲಿ. ಇವತ್ತು ನನ್ನ ಕಿವಿ ಬೇರೆ ಕಡೆ ಇತ್ತು.

ಮಾಳವಿಕಾ ಮೇಲಿನ ಕೋಣೆಯಲ್ಲಿ, ಫೋನಿನಲ್ಲಿ. ಆ ಸ್ವಿಸ್ ಮನುಷ್ಯನ ಜೊತೆ. ಕರಿಬೇವು ಹುಡುಕುತ್ತ ಮೆಟ್ಟಿಲ ಬುಡದಲ್ಲಿ ನಿಂತೆ. (ಮೆಟ್ಟಿಲ ಬುಡದಲ್ಲಿ ಕರಿಬೇವು ಇರುವುದಿಲ್ಲ.) ಅವನ ದನಿ ಕೇಳಿಸಲಿಲ್ಲ. ಅವಳದು ಮಾತ್ರ. ಅದೂ ಒಂದೇ ಶಬ್ದ — ಹೂಂ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ — ಹೂಂ.

ನಾನು ಮೆಟ್ಟಿಲು ಬಿಟ್ಟು ಕದಲಲಿಲ್ಲ.

ನಮ್ಮೂರಲ್ಲಿ ಕಥೆ ಹೇಳುವಾಗ ಎದುರಿಗೊಬ್ಬರು ಹೂಂಗುಟ್ಟಲೇಬೇಕು. ದೊಡ್ಡವ್ವ ಶೇಂಗಾ ಸುಲಿಯುತ್ತ ಹೇಳುವಳು, ನಾನು ಹೂಂ ಎನ್ನುವೆ. ಮರೆತರೆ ಕಥೆ ಅಲ್ಲೇ ನಿಲ್ಲುತ್ತಿತ್ತು. "ಹೂಂ ಇಲ್ಲದ ಕಥಿ ಕಣ್ಣಿಲ್ಲದ ಎಮ್ಮಿ ಇದ್ಹಾಂಗ. ಯಾರ ಹೊಲಕ್ಕ ನುಗ್ತದೋ!" ಎನ್ನುವಳು. ಮದುವೆಯಾದ ಹೊಸದರಲ್ಲಿ ಮಾಳವಿಕಾಗೆ ಇದು ಗೊತ್ತಿರಲಿಲ್ಲ. ಮೈಸೂರು ಪೇಟೆಯ ಹುಡುಗಿ. ಕಥೆಯ ನಡುವೆ "ಓಹ್, ರಿಯಲಿ?" ಎನ್ನುವಳು. ಹಾಗೆಂದರೆ ರಾಜಕುಮಾರಿ ಕುದುರೆಯಿಂದ ಬೀಳ್ತಾಳೆ ಕಣೇ, ಎಂದು ಕಲಿಸಿದೆ. ಕಲಿತಳು. ಎಲ್ಲಿ ಮೆಲ್ಲಗೆ, ಎಲ್ಲಿ ಎಳೆದು, ಎಲ್ಲಿ ಹೆದರಿಕೊಂಡು — ಎಲ್ಲ.

ನಾನು ಕಲಿಸಿದ ಹೂಂ. ಈಗ ಇನ್ನೊಬ್ಬನ ಕಥೆಗೆ.

ಒಗ್ಗರಣೆ ಸೀದಿತು.

ಜೂನ್ 15, ಭಾನುವಾರ

ಊಟದ ಹೊತ್ತಿಗೆ ಅವಳೇ ಶುರು ಮಾಡಿದಳು. ಈ ಪರದೇಶದಲ್ಲಿ ಟೀವಿ ಸ್ಟುಡಿಯೋಗಳಿರುವ ಮೀಡಿಯಾಸಿಟಿಯಲ್ಲಿ ಅವಳ ತಂಡ ಒಂದು ಡಾಕ್ಯುಮೆಂಟರಿ ಮಾಡುತ್ತಿದೆ. ಯಾರ ಪಕ್ಷಕ್ಕೂ ಸೇರದ ಪುಟ್ಟ ದೇಶ ಸ್ವಿಟ್ಜರ್ಲೆಂಡ್, ಸುತ್ತಲೂ ಯುದ್ಧ ನಡೆದಾಗ ತನ್ನ ಮೇಲೆ ಯಾರೂ ಏರಿಬರದಂತೆ ಹೇಗೆ ತಯಾರಾಗಿತ್ತು — ಅದು ವಿಷಯ. ಈ ರೇಟೊ ಅದಕ್ಕೆ ಸಲಹೆಗಾರ. ಹಿಂದೆ ಅಲ್ಲಿನ ಸೈನ್ಯದಲ್ಲಿದ್ದವನು. ಅಲ್ಲಿ ಹೆಚ್ಚಿನವರು ಪೂರ್ತಿ ಸಿಪಾಯಿಗಳಲ್ಲವಂತೆ. ಬಡಗಿ, ಮೇಷ್ಟ್ರು, ಗೌಳಿ... ಕರೆ ಬಂದರೆ ಮನೆಯಲ್ಲಿಟ್ಟ ಬಂದೂಕು ತೆಗೆದುಕೊಂಡು ಹೊರಡುವುದು.

"ಚಿದು, ಕೇಳು. ನೋಡೋಕೆ ದನದ ಕೊಟ್ಟಿಗೆ. ಕಿಟಕಿ, ಪರದೆ, ಎಲ್ಲ ಬರೀ ಪೇಂಟು. ಗೋಡೆ ಸರಿಸಿದ್ರೆ ಒಳಗೆ ಫಿರಂಗಿ! ಹುಲ್ಲುಗಾವಲಲ್ಲಿ ಸಾಲಾಗಿ ಕಾಂಕ್ರೀಟ್ ಹಲ್ಲುಗಳು, ಟ್ಯಾಂಕ್ ದಾಟಬಾರದು ಅಂತ. ಬೆಟ್ಟದ ಹೊಟ್ಟೇಲಿ ವಿಮಾನ. ಸೇತುವೆಗಳಿಗೆ ಅವರೇ ಮದ್ದು ತುಂಬಿ ಇಟ್ಟಿದ್ರು. ವೈರಿ ಬಂದ್ರೆ ತಾವೇ ಉಡಾಯಿಸೋಕೆ."

"ಸೋ ದೇ ಆರ್ ಲೈಕ್ ಅ ಹೆಜ್‌ಹಾಗ್," ಎಂದಳು ಆಶ್ರಿತಾ, ಅನ್ನ ಕಲಸುತ್ತ.

"ಎಗ್ಸಾಕ್ಟ್ಲಿ! ರೇಟೊನೂ ಅದೇ ಹೇಳಿದ. ಮುಳ್ಳುಹಂದಿನ ತಿನ್ನಬಹುದು, ಆದ್ರೆ ತಿನ್ನೋಕೆ ಮುಂಚೆ ಯೋಚನೆ ಮಾಡ್ಬೇಕು."

ರೇಟೊ ಹೇಳಿದ. ರೇಟೊ ಅಂದ. ರೇಟೊ ನಕ್ಕ. ಒಳ್ಳೆಯ ಕಥೆಯೇ, ಸುಳ್ಳೇಕೆ. ಅದೇ ನೋವು. ಕೆಟ್ಟದಾಗಿ ಹೇಳುವವನಾಗಿದ್ದರೆ ಮಲಗಿ ನಿದ್ದೆ ಮಾಡುತ್ತಿದ್ದೆ.

ನಾನು ಹೂಂ ಅನ್ನಲಿಲ್ಲ. ಅವಳು ಗಮನಿಸಲೂ ಇಲ್ಲ.

ಜೂನ್ 24, ಮಂಗಳವಾರ

ಆಪರೇಷನ್ ಥಿಯೇಟರ್ ಕೆಲಸ ಬೇಗ ಮುಗಿಯಿತು. ದಿನವಿಡೀ ಜನರಿಗೆ ಅರಿವಳಿಕೆ ಕೊಡುವವನು, ನನಗೆ ನಾನು ಕೊಟ್ಟುಕೊಳ್ಳಲಾರೆ. ಸೀದಾ ಟ್ರಾಮ್ ಹತ್ತಿ ಮೀಡಿಯಾಸಿಟಿಗೆ ಹೋದೆ. ಕರೆಯದೆ.

ನೋಡಿದೆ. ರೇಟೊಗೆ ಅರವತ್ತರ ಹತ್ತಿರ. ಮುದುಕನಿರಬೇಕು ಎಂದುಕೊಂಡಿದ್ದೆ. ಮುದುಕನೇ. ಆದರೆ ನೆಟ್ಟಗೆ ನಿಲ್ಲುವ ಮುದುಕ. ಮಳೆ ಹನಿಯುತ್ತಿತ್ತು, ಛತ್ರಿ ಬಿಚ್ಚಿರಲಿಲ್ಲ. ಕೈ ಕುಲುಕಿ, "ನೀವು ಕಥೆ ಹೇಳುತ್ತೀರಂತೆ. ಮಾಳವಿಕಾ ಯಾವಾಗಲೂ ಹೇಳುತ್ತಾಳೆ" ಎಂದ. ಯಾವಾಗಲೂ! ನನ್ನ ಬಗ್ಗೆ ಅವನಿಗೆ ಹೇಳುವಷ್ಟು ಮಾತು ಅವರ ನಡುವೆ ಇದೆ ಎಂದಾಯಿತು.

ಮನೆಗೆ ಬಂದು ಅವನ ದೇಶದ ಬಗ್ಗೆ ಓದಿದೆ. ಶತ್ರುವನ್ನು ತಿಳಿಯಬೇಕು. ಯುದ್ಧಕಾಲದ ಅವರ ಸೇನಾಪತಿಯ ಯುಕ್ತಿ ಸರಳ: ಬಯಲು, ಪೇಟೆ ಎಲ್ಲ ಹೋದರೆ ಹೋಗಲಿ, ಬೆಟ್ಟ ಬಿಡಬೇಡ. ಒಳಗೆ ಬಂದರೆ ಲಾಭಕ್ಕಿಂತ ನಷ್ಟ ದೊಡ್ಡದು ಎಂದು ವೈರಿಗೆ ಮೊದಲೇ ಗೊತ್ತಿರಲಿ.

ನನ್ನ ಬೆಟ್ಟ ಯಾವುದು? ಅಡುಗೆ ಮನೆ. ಮಗಳು. ಕಥೆ. ಹೊಸ ಶರ್ಟ್ ತಂದೆ. ಎರಡು ಹಳೆಯ ಕಥೆ ತಾಲೀಮು ಮಾಡಿಕೊಂಡೆ, ಹಲ್ಲುಜ್ಜುವಾಗ.

ಜುಲೈ 5, ಶನಿವಾರ

ಮಾಳವಿಕಾ ಬಾಗಿಲಲ್ಲೇ ಕುಣಿದಳು. ಸೆಪ್ಟೆಂಬರ್‌ನಲ್ಲಿ ಮೂರು ವಾರ ಸ್ವಿಟ್ಜರ್ಲೆಂಡಿನಲ್ಲಿ ಶೂಟಿಂಗ್, ಅವಳೇ ಪ್ರೊಡ್ಯೂಸರ್. ಇಷ್ಟು ವರ್ಷ ಬೇರೆಯವರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದವಳು. ತಿಂಗಳ ಕೊನೆಗೆ ಒಪ್ಪಿಗೆ ಹೇಳಬೇಕು. ಇಲ್ಲದಿದ್ದರೆ ಹೆಲೆನ್ ಎಂಬವಳಿಗೆ ಹೋಗುತ್ತದೆ.

"ಆಶ್ರಿತಾ ಸ್ಕೂಲ್ ಇರತ್ತೆ. ನೀನು ಮೂರು ವಾರ ಆನ್‌ಕಾಲ್ ಡ್ಯೂಟಿ ತಪ್ಪಿಸ್ಕೊಂಡ್ರೆ ಸಾಕು, ಚಿದು. ಆಗತ್ತಾ?"

"ರೇಟೊ ಬರ್ತಾನಾ?"

"ಅವನ ಊರಲ್ಲೇ ಶೂಟಿಂಗು. ಬರದೆ?"

ಆಸ್ಪತ್ರೆಯ ಡ್ಯೂಟಿ ರೋಟಾ ನೋಡಿ ಹೇಳುತ್ತೇನೆ ಎಂದೆ.

ಜುಲೈ 8, ಮಂಗಳವಾರ. ಊಟದ ಬಿಡುವು

ಕಾಫಿ ಮಷಿನ್ ಹತ್ತಿರ ಯಾಸಿರ್ ಸಿಕ್ಕ. ನಮ್ಮದೇ ಡಿಪಾರ್ಟ್‌ಮೆಂಟು, ಹೆಂಡತಿ ನಾಬಿಲಾ ಜೊತೆ ಇಲ್ಲೇ ಇರುವ ಕಲಬುರಗಿಯವನು. ಶೂಟಿಂಗ್ ವಿಷಯ ಸುಮ್ಮನೆ ಹೇಳಿದೆ. ಥಟ್ಟನೆ ಅಂದ, "ಅರೆ ಭಾಯ್, ಸೆಪ್ಟೆಂಬರ್ ನಿಂದು ನಾ ಮಾಡ್ತೀನಿ. ಡಿಸೆಂಬರ್ ನಂದು ನೀ ಮಾಡು. ನಾಬಿಲಾನ ಊರಿಗಿ ಕರ್ಕೊಂಡು ಹೋಗೋದದ. ಏನ್ ಯೋಚ್ನಿ ಮಾಡ್ಲಿಕತ್ತಿ? ಭಾಭಿಗಿ ಇಂಥ ಚಾನ್ಸ್ ದಿನಾ ಬರ್ತದೇನು?"

ನೋಡೋಣ ಎಂದೆ.

ಅದೇ ದಿನ, ಸಂಜೆ

"ರೋಟಾ ಏನಾಯ್ತು?"

"ಕೇಳ್ದೆ. ಯಾರೂ ಡ್ಯೂಟಿ ಸ್ವಾಪ್ ಮಾಡ್ತಾ ಇಲ್ಲ."

ಬಾಯಿಂದ ಬಂದೇಬಿಟ್ಟಿತು. ಅವಳು ಸಿಂಕಿನ ಕಡೆ ತಿರುಗಿದಳು. ತಟ್ಟೆ ತೊಳೆದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಸೇತುವೆ ಬಿದ್ದರೆ ವೈರಿ ಬರುವ ಹಾಗಿಲ್ಲ. ಅಷ್ಟೇ. ಯಾರಿಗೂ ಏನೂ ಆಗಿಲ್ಲ.

ಜುಲೈ 20, ಭಾನುವಾರ

ಕ್ಯಾಲೆಂಡರಿನಲ್ಲಿ ಕಂಡಿತು — ಇಪ್ಪತ್ತೊಂಬತ್ತಕ್ಕೆ ನಾಗರ ಪಂಚಮಿ. ಯುಕ್ತಿ ಹೊಳೆಯಿತು. ಸ್ವಿಸ್ ಸೇನಾಪತಿಗೂ ಹೊಳೆಯದಂಥದ್ದು.

ಮಾಳವಿಕಾಳ ಕಡೆ ಅಂದು ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹೂವಿನಿಂದ ಹಾಲು ತುಪ್ಪ ಸವರುತ್ತಾರೆ. ಬೆನ್ನು ತಣ್ಣಗಿರಲಿ ಎಂದು. ಅವಳಿಗೆ ಅಣ್ಣನಿಲ್ಲ, ಮೂವರೂ ಹೆಣ್ಣುಮಕ್ಕಳು. ಪ್ರತಿ ವರ್ಷ ಕೊರಗು. ಹಾಗಿದ್ದರೆ... ರೇಟೊನನ್ನು ಊಟಕ್ಕೆ ಕರೆದು, ಬೆನ್ನಿಗೆ ಹಾಲು ಹಾಕಿಸಿಬಿಟ್ಟರೆ? ಆಮೇಲೆ ಅವನು ಅಣ್ಣ. ನಾಗಪ್ಪನೇ ಸಾಕ್ಷಿ. ಕಾಂಕ್ರೀಟ್ ಹಲ್ಲು ದಾಟಬಹುದು, ಇದನ್ನು ದಾಟಲಾದೀತೆ?

ಹೇಳಿದೆ. ಬಹಳ ಸಹಜವಾಗಿ, ಬೀನ್ಸ್ ಹೆಚ್ಚುತ್ತ. ಅವಳು ನನ್ನ ಮುಖವನ್ನೇ ನೋಡಿದಳು.

"ಬೇಲಿ ಹಾಕೋಕೆ ನಾಗಪ್ಪನ್ನ ಕರೀತಿದೀಯಲ್ಲೋ."

"ಛೆ, ಹಬ್ಬ ಕಣೇ."

"ಸರಿ. ಹಬ್ಬ ಅಂದ್ಮೇಲೆ ಯಾಸಿರ್, ನಾಬಿಲಾನೂ ಬರ್ಲಿ."

ಜುಲೈ 29, ಮಂಗಳವಾರ. ಪಂಚಮಿ. ಎಲ್ಲರೂ ಹೋದ ಮೇಲೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ನಾನೇ ಶೇಂಗಾ ಉಂಡಿ ಕಟ್ಟಿದ್ದೆ. ಖಾರಕ್ಕೆ ಕೆಂಪು ಮೆಣಸಿನಕಾಯಿ ಚಟ್ನಿ, ಮುಳ್ಳುಹಂದಿಯ ಮೊದಲ ಮುಳ್ಳು. ರೇಟೊ ಮೂರು ಸಲ ಹಾಕಿಸಿಕೊಂಡ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಆಮೇಲೆ ಬೆಳ್ಳಿ ಬಟ್ಟಲಲ್ಲಿ ಹಾಲು. ಮಾಳವಿಕಾ ಅವನ ಶರ್ಟಿನ ಮೇಲೇ ಹೂವಿನಿಂದ ಸವರಿದಳು. ಯಾಸಿರ್, "ಭಾಭಿ, ನಂದು ಬೆನ್ನೂ ಸುಡ್ಲಿಕತ್ತದ" ಎಂದು ಬಗ್ಗಿದ. ಅವನಿಗೂ ಸವರಿದಳು. ನಾಬಿಲಾ ಬಿದ್ದು ಬಿದ್ದು ನಕ್ಕಳು.

ನನಗೆ ಒಳಗೊಳಗೇ ಜಯಭೇರಿ.

ರೇಟೊ ಎದ್ದು ನಿಂತು ಕೇಳಿದ, "ಈಗ ಅಣ್ಣನ ಕರ್ತವ್ಯವೇನು?"

ನಾನು ಬಾಯಿ ತೆರೆಯುವ ಮೊದಲೇ ಯಾಸಿರ್ ಶುರು ಮಾಡಿದ್ದ, ಇಂಗ್ಲಿಷಿನಲ್ಲಿ, ರೇಟೊಗೂ ತಿಳಿಯಲಿ ಎಂದು. ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತನ್ನ ಊರಿಗೆ ಕರೆದುಕೊಂಡು ಹೋಗಬೇಕು, ಗಂಡ ಕಳಿಸಬೇಕು. ಆಮೇಲೆ ನನ್ನ ಕಡೆ ತಿರುಗಿ, "ಹೌದಿಲ್ಲೋ ಚಿದು? ನಿಮ್ ಕಡೀನೂ ಇದೇ ಅಲ್ಲೇನು? ಭಾವ ಇಲ್ಲ ಅನ್ನಂಗಿಲ್ಲ! ಮತ್ತ ರೋಟಾಕ್ಕ ನಾ ಅವತ್ತೇ—"

ನಾಬಿಲಾ ಅವನ ಕಾಲು ತುಳಿದಳು. ನೋಡಿದೆ. ಮಾಳವಿಕಾ ಉಂಡಿಯ ತಟ್ಟೆ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ದೊಡ್ಡವ್ವನ ಕಥೆಗಳಲ್ಲಿ ತಾನೇ ತೋಡಿದ ಹಳ್ಳಕ್ಕೆ ಬೀಳುವವನೊಬ್ಬ ಇರುತ್ತಿದ್ದ. ಅವನಿಗೆ ಹೆಸರಿರುತ್ತಿರಲಿಲ್ಲ.

ಮಾತು ಬದಲಿಸಲು, ನೀವು ಸೈನ್ಯದಲ್ಲಿ ಏನು ಮಾಡುತ್ತಿದ್ದಿರಿ ಎಂದೆ ರೇಟೊನನ್ನು. ಅವನು ಹೇಳಿದ. ನನ್ನ ಮಾತಿನಲ್ಲಿ ಬರೆಯುತ್ತೇನೆ.

ಅವನ ಊರಿಗೂ ಆಚೆ ದಡಕ್ಕೂ ನಡುವೆ ಒಂದು ಸೇತುವೆ. ಅದರ ಹೊಟ್ಟೆಯಲ್ಲಿ ಮದ್ದು. ಆಜ್ಞೆ ಬಂದರೆ ಉಡಾಯಿಸಬೇಕಾದ ಗುಂಪಿನಲ್ಲಿ ಅವನೊಬ್ಬ, ಊರಿನವನೇ ಬೇಕಲ್ಲ, ಅದಕ್ಕೆ. ಯಾರಿಗೂ ಹೇಳಬಾರದು. ಹೆಂಡತಿಗೂ. ಅವಳು ಆಚೆ ದಡದ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಅದೇ ಸೇತುವೆ ಮೇಲೆ ಸೈಕಲ್. ಇವನು ಕಿಟಕಿಯಿಂದ ಕೈ ಬೀಸಿ, ಹುಷಾರಾಗಿ ಹೋಗು ಎನ್ನುವನು.

"ಹೂಂ," ಎಂದೆ.

ನನ್ನ ಬಾಯಿಂದಲೇ ಬಂತು. ಮಾಳವಿಕಾ ತಟ್ಟನೆ ನನ್ನ ಕಡೆ ನೋಡಿದಳು.

ಎಷ್ಟೋ ವರ್ಷದ ಮೇಲೆ, ಇನ್ನು ಬೇಡ ಎಂದು ಸರ್ಕಾರ ಎಲ್ಲ ಸೇತುವೆಗಳ ಮದ್ದು ತೆಗೆಸಿತು. ಪೇಪರಿನಲ್ಲಿ ಬಂತು. ಅವತ್ತೇ ಹೆಂಡತಿಗೆ ತಿಳಿದದ್ದು. ಮದ್ದಿಗೆ ಅವಳು ಸಿಟ್ಟಾಗಲಿಲ್ಲವಂತೆ. ದೇಶ ಅಂದರೆ ಅದೆಲ್ಲ ಇರುತ್ತದೆ ಎಂದಳಂತೆ. "ಆದರೆ ದಿನಾ ಬೆಳಿಗ್ಗೆ ನನ್ನ ಮುಖ ನೋಡಿ ಹುಷಾರಾಗಿ ಹೋಗು ಅಂತಿದ್ದೆಯಲ್ಲ" ಎಂದಳಂತೆ.

"ಆಮೇಲೆ?" ಆಶ್ರಿತಾ ಕೇಳಿದಳು. ಕನ್ನಡದಲ್ಲಿ.

ಅರ್ಥ ಯಾರೂ ಹೇಳಬೇಕಾಗಲಿಲ್ಲ ರೇಟೊಗೆ. "ಅವಳು ಆಚೆ ದಡದಲ್ಲೇ ಮನೆ ಮಾಡಿದಳು," ಎಂದ. ನಗುತ್ತಲೇ. ಉಂಡಿ ಇನ್ನೊಂದು ತೆಗೆದುಕೊಂಡ.

ಜುಲೈ 30, ಬುಧವಾರ. ಬೆಳಿಗ್ಗೆ

ಚಹಾ ಕುದಿಯುವ ಮೊದಲೇ ಹೇಳಿಬಿಟ್ಟೆ. ಯಾಸಿರ್ ಅವತ್ತೇ ಒಪ್ಪಿದ್ದ. ನಾನೇ ಸುಳ್ಳು ಹೇಳಿದ್ದು.

"ಗೊತ್ತು."

"ಗೊತ್ತು?"

"ನಾಬಿಲಾ ಅದೇ ವಾರಾನೇ ಫೋನ್ ಮಾಡಿದ್ಲು, ಡಿಸೆಂಬರ್ ಟಿಕೆಟ್ ತಗೊಳ್ಳೋದಾ ಅಂತ. ಕಾಯ್ತಾ ಇದ್ದೆ ಚಿದು. ನೀನು ಹೇಳ್ತೀಯಾ ಅಂತ. ದಿನಾ ಬೆಳಿಗ್ಗೆ ನನ್ನ ಟ್ರಾಮ್ ಸ್ಟಾಪಿಗೆ ಬಿಟ್ಟು, 'ಹುಷಾರು' ಅಂತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ..."

"ಹೊಟ್ಟೆಕಿಚ್ಚು ಕಣೇ. ಬೇರೇನಿಲ್ಲ. ನೀನು ಅವನಿಗೆ ಹೂಂ ಅಂತಿದ್ದೆ."

ಚಹಾ ಉಕ್ಕಿತು. ಯಾರೂ ಆರಿಸಲಿಲ್ಲ.

"ಹತ್ತು ವರ್ಷದಿಂದ ನಿಂಗೆ ಹೂಂ ಅಂತಿದೀನಿ. ನಾನೂ ಕಥೆ ತಂದೆ, ಮೊದಲನೇ ಸಲ. ನೀನು ಒಂದು ಸಲನಾದ್ರೂ ಅಂದ್ಯಾ?"

ಬ್ಯಾಗ್ ತೆಗೆದುಕೊಂಡು ಒಬ್ಬಳೇ ಟ್ರಾಮಿಗೆ ನಡೆದಳು. ಸಂಜೆಯೊಳಗೆ ಒಪ್ಪಿಗೆ ಕೊಡುತ್ತೇನೆ ಎಂದಳು, ಅಷ್ಟೇ. ಯಾಸಿರ್‌ಗೆ ಫೋನ್ ಮಾಡಿದೆ. ಸೆಪ್ಟೆಂಬರ್ ಅವನದು.

ಆಗಸ್ಟ್ 16, ಶನಿವಾರ

ಮಾತಾಡುತ್ತೇವೆ. ಕಸದ ಬಿನ್ ಯಾವಾಗ, ಹಾಲು ತಂದೆಯಾ, ಯೂನಿಫಾರ್ಮ್ ಸಣ್ಣದಾಯಿತೇ. ಆಶ್ರಿತಾಗೆ ಏಳು ಸಮುದ್ರದಾಚೆಯ ಗಿಣಿಯ ಕಥೆ ಹೇಳಿದೆ. ಬಾಗಿಲಾಚೆ ಮಾಳವಿಕಾ ನಿಂತಿದ್ದಳು ಅನ್ನಿಸಿತು. ಹೂಂ ಕೇಳಿಸಲಿಲ್ಲ. ಗಿಣಿ ದಾರಿ ತಪ್ಪಿತು.

ಸೆಪ್ಟೆಂಬರ್ 6, ಶನಿವಾರ

ಏರ್‌ಪೋರ್ಟಿಗೆ ಬಿಟ್ಟು ಬಂದೆ. ಹುಷಾರು ಎನ್ನಬೇಕು ಎಂದು ಬಾಯಿಗೆ ಬಂತು. ನುಂಗಿದೆ. "ಕಥೆ ತಗೊಂಡ್ ಬಾ," ಎಂದೆ. ಅವಳು ನನ್ನ ಕಾಲರ್ ಸರಿಮಾಡಿ ಹೋದಳು. ಜೂನ್‌ನಲ್ಲಿ ತಂದ ಶರ್ಟ್. ಇವತ್ತೇ ಮೊದಲು ಕಂಡಿತೇನೋ.

ಮನೆಯ ಎಲ್ಲ ಮುಳ್ಳೂ ಹಾಗೇ ಇವೆ. ಕಾಯಲು ಯಾರೂ ಇಲ್ಲ.

ಸೆಪ್ಟೆಂಬರ್ 9, ಮಂಗಳವಾರ. ಸಂಜೆ

ಬೇಳೆ ಬೆಂದಿದೆ. ಒಗ್ಗರಣೆಗೆ ಎಣ್ಣೆ ಇಟ್ಟಾಗಲೇ ಫೋನು. ಒಲೆ ಆರಿಸಿ ಕೂತೆ.

ಆ ಸೇತುವೆಯ ಮೇಲೆ ನಿಂತಿದ್ದಾಳಂತೆ. ಶೂಟಿಂಗ್ ಮುಗಿದು ಕ್ಯಾಮೆರಾ ಕಟ್ಟುತ್ತಿದ್ದಾರಂತೆ. ಹೊಳೆಯ ಸದ್ದು ಕೇಳಿಸಿತು. ಆಚೆ ದಡದಿಂದ ಬಿಳಿ ಕೂದಲ ಹೆಂಗಸೊಬ್ಬಳು ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಳಂತೆ. ಯಾರಿರಬಹುದು ಹೇಳು, ಎಂದಳು.

ಅವಳ ಹಿಂದೆ ಗಂಡಸಿನ ನಗು. ಅವನದೇ. ಎಷ್ಟು ಹತ್ತಿರ ನಿಂತಿದ್ದಾನೆ? ಕ್ಯಾಮೆರಾ ಕಟ್ಟಿದ ಮೇಲೆ ಅವನಿಗೇನು ಕೆಲಸ ಅಲ್ಲಿ? ಕೇಳಬೇಕು. ನಾಲಿಗೆ ತುದಿಯಲ್ಲೇ ಇತ್ತು. ಒಂದೇ ಮಾತು, ಅಷ್ಟು ಸಾಕು, ಎಲ್ಲ...

"ಚಿದು? ಇದೀಯಾ? ಕೇಳ್ತಾ ಇದೀಯಾ?"

"ಹೂಂ," ಎಂದೆ.

ಅತ್ತ ಒಂದು ಕ್ಷಣ ಬರೀ ಹೊಳೆ. ಆಮೇಲೆ ಅವಳ ದನಿ, ಕಥೆ ಹೇಳುವವರ ದನಿ — ಅವಳಲ್ಲಿ ಅದು ಇದೆ ಎಂದು ನನಗೆ ಇಷ್ಟು ವರ್ಷ...

"ಸೈಕಲ್ ನಿಲ್ಸಿದ್ಲು. ಸೇತುವೆ ಮಧ್ಯಕ್ಕೆ."

ಹೂಂ.

"ರೇಟೊ ಟೋಪಿ ತೆಗೆದ."

ಹೂಂ—