ಟೈಲರಮ್ಮನ ಹೆಸರಿನಲ್ಲಿ ನಾನು ಬರೆದ ಉತ್ತರಗಳು

ಬುಧವಾರ, ಏಪ್ರಿಲ್ ಹದಿನಾರು

ಪ್ರೀತಿಯ ಗುಂಡಣ್ಣನಿಗೆ,

ಮೊದಲು ಅಮ್ಮನ ಆಶೀರ್ವಾದ ತೆಗೆದುಕೋ, ಆಮೇಲೆ ಕೋಪ ಮಾಡಿಕೊಳ್ಳುವೆಯಂತೆ. ತಿಂಗಳಿಗೂ ಮೇಲಾಯಿತು, ನಿನಗೆ ಒಂದು ಸಾಲೂ ಬರೆಯಲಿಲ್ಲ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಿನ್ನ ಮಾತು ಸ್ವಲ್ಪ ತಡವರಿಸಿದರೆ ಸಾಕು, ನಿನ್ನ ಪಾಲಿನದನ್ನೂ ನಾನೇ ಆಡಿ ಮುಗಿಸಿ ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ಹೊಸ ರೂಮಿಗೆ ಬಿಸಿಲು ಬರುತ್ತದೆಯೇ? ಬಟ್ಟೆ ಒಣಗುತ್ತವೆಯೇ?

ಇಲ್ಲಿ ನನ್ನ ಪಾಡು ಕೇಳು. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವುದರಲ್ಲಿ ಎಂ.ಎ. ಇಲ್ಲದಿದ್ದರೆ ಜೂನ್‌ನಿಂದ ಕೆಲಸವಿಲ್ಲ ಎಂದು ಶಾಲೆಯವರು ಹೇಳಿದ್ದು ನಿನಗೆ ಗೊತ್ತೇ ಇದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಬೆಂಚಿನಲ್ಲಿ ಕೂತೆ, ಹಿಂದೆ ಕೂತರೆ ಬೋರ್ಡು ಕಾಣುವುದಿಲ್ಲ ನೋಡು. ಪರೀಕ್ಷೆಗಳೆಲ್ಲ ಹೇಗೋ ಪಾಸಾದವು. ಉಳಿದದ್ದು ಪಾಠಾಭ್ಯಾಸ. ಗ್ರಂಥಾಲಯದ ಮಹಡಿಯಲ್ಲಿ ಹತ್ತು ಮಂದಿ ದೊಡ್ಡವರಿಗೆ ಇಂಗ್ಲಿಷ್ ಕಲಿಸಬೇಕು, ಪಾಠವನ್ನೆಲ್ಲ ರೆಕಾರ್ಡ್ ಮಾಡಬೇಕು. ಆಮೇಲೆ ಅದನ್ನು ಕೇಳಿಸಿಕೊಂಡು, ಯಾರು ಏನು ಹೇಳಿದರು, ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಸೆಕೆಂಡು ಕಾದೆ ಎಂಬುದನ್ನು ಒಂದಕ್ಷರ ಬಿಡದೆ ಬರೆದು ಒಪ್ಪಿಸಬೇಕು. ನಮ್ಮ ಗೈಡ್ ಮೇಡಂ ನನಗಿಂತ ಹದಿನೈದು ವರ್ಷ ಚಿಕ್ಕವರು. ಕೊರಳಲ್ಲಿ ಸದಾ ಸ್ಟಾಪ್‌ವಾಚ್ ನೇತಾಡುತ್ತಿರುವುದರಿಂದ ಅವರಿಗೆ ಗಡಿಯಾರದ ಮೇಡಂ ಎಂದು ಹೆಸರಿಟ್ಟಿದ್ದೇವೆ.

ನನ್ನ ತರಗತಿಯಲ್ಲಿ ಒಬ್ಬರು ಟೈಲರಮ್ಮ ಇದ್ದಾರೆ. ಕಿಟಕಿಯ ಪಕ್ಕ ಕೂರುತ್ತಾರೆ. ಏನಾದರೂ ಕೇಳಿದರೆ ತುಟಿ ಅಲುಗುತ್ತದೆ, ದನಿ ಹೊರಡುವುದಿಲ್ಲ. ಪಾಪ ಎನಿಸಿ ನಾನೇ ಸ್ವಲ್ಪ ಮಾತು ಎತ್ತಿಕೊಡುತ್ತಿದ್ದೆ.

ಮಾರ್ಚ್ ಕೊನೆಯಲ್ಲಿ ಗಡಿಯಾರದ ಮೇಡಂ ನನ್ನನ್ನು ಕರೆಸಿ ಬಾಗಿಲು ಹಾಕಿದರು. ಮೇಜಿನ ಮೇಲೆ ನಾನು ಒಪ್ಪಿಸಿದ ಹಾಳೆಗಳು, ಅದರಲ್ಲಿ ಹನ್ನೊಂದು ಕಡೆ ಕೆಂಪು ಸುತ್ತು.

"ಈ ಹನ್ನೊಂದು ಉತ್ತರ ಯಾರದ್ದು?"

"ಟೈಲರಮ್ಮಂದು ಮೇಡಂ."

ರೆಕಾರ್ಡಿಂಗ್ ಹಾಕಿದರು. ನಿನ್ನೆ ಏನು ಮಾಡಿದಿರಿ ಎಂದು ಕೇಳಿದ್ದು ನನ್ನ ದನಿ. ಅರ್ಧ ಸೆಕೆಂಡೂ ಕಳೆಯದೆ, ನಿನ್ನೆ ನಾನು ಬಟ್ಟೆ ಹೊಲಿದೆ ಎಂದು ಉತ್ತರ ಕೊಟ್ಟಿದ್ದೂ ನನ್ನದೇ ದನಿ. ಹಿಂದೆಯೇ "ವೆರಿ ಗುಡ್!" ಹನ್ನೊಂದು ಸಲವೂ ಹೀಗೇ. ಟೈಲರಮ್ಮನ ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಬೇಕಂತ ಬರ್ದಿದ್ದಲ್ಲ ಮೇಡಂ, ಆಣೆಗೂ ಅಲ್ಲ."

"ಅವರು ಹೇಳ್ದೇ ಇರೋದನ್ನ ಹೇಳಿದ್ರು ಅಂತ ಬರ್ದಿದೀರಿ. ಯೂನಿವರ್ಸಿಟಿ ಕಮಿಟಿಯವರು ಇದನ್ನ ಸುಳ್ಳು ದಾಖಲೆ ಅಂತಾರೆ. ನಾನಾದ್ರೂ ಬೇರೆ ಏನು ಅನ್ಲಿ, ನೀವೇ ಹೇಳಿ?"

ಮಗನೇ, ಕೆಲಸದ ಭಯ ಒಂದು ಕಡೆ. ಅದಕ್ಕಿಂತ ಹೆದರಿಸಿದ್ದು ಇನ್ನೊಂದು: ಬರೆಯುವಾಗ ಅದು ಆಕೆಯ ಮಾತೆಂದೇ ನನಗೆ ಕೇಳಿಸಿತ್ತು. ಎರಡು ವಾರ ಊಟ ಸೇರಲಿಲ್ಲ. ಕೊನೆಗೆ ಕಮಿಟಿ ಒಂದೇ ಒಂದು ಅವಕಾಶ ಕೊಟ್ಟಿತು. ಮೂವರು ಪರೀಕ್ಷಕರ ಮುಂದೆ ಮತ್ತೊಂದು ಪಾಠ. ಯಾರದಾದರೂ ಉತ್ತರವನ್ನು ನಾನು ಒಮ್ಮೆ ಹೇಳಿದರೂ ಫೈಲು ಮುಚ್ಚಿದ ಹಾಗೆ, ಎಂ.ಎ.ಯೂ ಇಲ್ಲ, ನೌಕರಿಯೂ ಇಲ್ಲ.

ನಿನ್ನೆ ಆ ಪಾಠ ನಡೆಯಿತು. ಮೂವರೂ ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ನಾನು ಟೈಲರಮ್ಮನನ್ನೇ ಕೇಳಿದೆ, ನಿನ್ನೆ ಏನು ಮಾಡಿದಿರಿ ಎಂದು. ತುಟಿ ಅಲುಗಿತು. ದನಿ ಇಲ್ಲ. ಬಟ್ಟೆ ಹೊಲಿದೆ ಎನ್ನುವ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಕೆಯ ಪಕ್ಕದಲ್ಲಿ ಕಲಿಯಲು ಕೂತಿದ್ದ ಬಸ್ ಡ್ರೈವರ್ ಒಬ್ಬರು ಸಹಾಯಕ್ಕೆಂದು ಬಾಯಿ ತೆರೆದರು, ಬೇಡವೆಂದು ಕೈ ಎತ್ತಿದೆ. ಪರೀಕ್ಷಕರಲ್ಲಿ ಒಬ್ಬರು ಕೆಮ್ಮಿದರು. ಆಕೆ ಮಾತಾಡದಿದ್ದರೂ ನಾನು ಕೆಟ್ಟೆ, ನಾನು ಮಾತಾಡಿದರೂ ಕೆಟ್ಟೆ. ಹಾಗೆ ಕಾದದ್ದು ಇಪ್ಪತ್ತಾರು ಸೆಕೆಂಡು ಎಂದು ಮೇಡಂ ಆಮೇಲೆ ಹೇಳಿದರು. ನನಗಂತೂ ಒಂದು ಪೀರಿಯಡ್ಡೇ ಕಳೆದ ಹಾಗಿತ್ತು.

ಆಮೇಲೆ ಟೈಲರಮ್ಮ ಒಂದೊಂದೇ ಇಂಗ್ಲಿಷ್ ಪದ ಹೆಕ್ಕಿ ಹೇಳಿದರು. ನಮ್ಮ ಮಾತಿನಲ್ಲಿ ಬರೆಯುತ್ತೇನೆ: "ನಿನ್ನೆ ಹೊಲೀಲಿಲ್ಲ. ಎಂಟು ತಿಂಗಳಾಯ್ತು ಹೊಲಿಯೋದು ಬಿಟ್ಟು. ಕಣ್ಣು ಕಾಣಲ್ಲ."

ಎಂಟು ತಿಂಗಳು! ನನ್ನ ತರಗತಿಗೆ ಬರತೊಡಗಿ ಏಳು ತಿಂಗಳು. ಹೊಲಿಗೆ ಬಿಟ್ಟ ಹೆಂಗಸಿನಿಂದ ವಾರವಾರವೂ ಬಟ್ಟೆ ಹೊಲಿಸಿ ವೆರಿ ಗುಡ್ ಎಂದಿದ್ದೇನೆ.

ಪಾಠ ಮುಗಿದ ಮೇಲೆ ಮೆಟ್ಟಿಲಲ್ಲಿ ಮೇಡಂ ಸಿಕ್ಕರು. "ಪಾಸಾದ್ರಿ. ಹೋಗಿ, ನೆಮ್ಮದಿಯಾಗಿ ಒಂದು ಕಪ್ ಟೀ ಕುಡೀರಿ" ಎಂದರು. ನಾನು ಟೀ ಕುಡಿಯಲಿಲ್ಲ. ಟೈಲರಮ್ಮನ ಹಿಂದೆ ಬೀದಿಯವರೆಗೂ ಓಡಿ, "ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?" ಎಂದು ಕೇಳಿದೆ.

ಆಕೆ ನಕ್ಕುಬಿಟ್ಟರು. "ಹೇಳೋಣ ಅನ್ನೋಷ್ಟರಲ್ಲಿ ನೀವು ವೆರಿ ಗುಡ್ ಅಂದ್ಬಿಡ್ತಿದ್ರಿ ಟೀಚರ್. ಅಷ್ಟು ಖುಷಿಯಾಗಿರ್ತಿದ್ರಿ, ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ಕೆಲಸ ಉಳಿಯಿತು, ಸಂತೋಷಪಡು. ನಿನ್ನ ಆರೋಗ್ಯ ಗಟ್ಟಿಯಾಗಿರಲಿ, ಹಿಡಿದ ಕೆಲಸ ಕೈಗೂಡಲಿ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಅಮ್ಮ

ಮರೆತು ಕೆಳಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಪ್ಪ ನಿನ್ನ ಕೈ ಹಿಡಿದು, "ನಂಗೇನಾದ್ರೂ ಹೇಳೋದಿದೆಯೇನೋ?" ಎಂದು ಕೇಳಿದರು. ನೀನು ಬಾಯಿ ತೆರೆದೆ, ಮೊದಲ ಅಕ್ಷರ ತುಟಿಯಲ್ಲೇ ಸಿಕ್ಕಿಕೊಂಡಿತು. "ಅವನಿಗೇನಿರುತ್ತೆ ರೀ, ನೀವು ಮಲ್ಕೊಳ್ಳಿ" ಎಂದೆ ನಾನು. ಅವರು ಕಣ್ಣು ಮುಚ್ಚಿದರು, ಮತ್ತೆ ತೆರೆಯಲಿಲ್ಲ. ಮೂರು ವರ್ಷದಿಂದ ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ: ಹೇಳುವುದು ಏನೂ ಇಲ್ಲ ಅಂದ ಮಗ, ಇವರು ನೆಮ್ಮದಿಯಾಗಿ ಹೋದರು ಎಂದು. ಅದನ್ನು ಹೇಳಿದ್ದು ನೀನಲ್ಲ. ನೀನು ಏನು ಹೇಳಲು ಹೊರಟಿದ್ದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ. ಎತ್ತು, ಕಂದ. ಎಷ್ಟು ಹೊತ್ತಾದರೂ ಸರಿ, ನಾನು ಬಾಯಿ ಬಿಡುವುದಿಲ್ಲ.